ಮೂರು ಪುಸ್ತಕ, ಒಂದೇ ನಲ್ಲಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಪಂಚಾಯಿತಿ ಕಂಪ್ಯೂಟರಿನ ಸುತ್ತಲೇ ಇದ್ದವು. ಮಳೆಗಾಲದಲ್ಲಿ ಕರೆಂಟ್ ಹೋದಾಗಲೇ ಜನರಿಗೆ ಕಂಪ್ಯೂಟರ್ ನೆನಪಾಗುತ್ತದೋ ಏನೋ!

ಮೇಷ್ಟ್ರೇ, ನಾನು ಬೇಲೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ಎರಡು ವರ್ಷದ ಹಿಂದೆ ಕಾಲೇಜು ಹುಡುಗರು ಬಂದು ಕುಡಿಯುವ ನೀರಿಗೆ ಅಂತ ಒಂದು ಆ್ಯಪ್ ಮಾಡಿದರು. ನಮ್ಮ ಜೊತೆ ಫೋಟೊ ತೆಗೆಸಿಕೊಂಡು ಹೋದರು. ಆ ಆ್ಯಪ್ ಈಗ ತೆರೆಯುವುದೇ ಇಲ್ಲ. ಈಗ ಇನ್ನೊಂದು ತಂಡ ಬಂದು ‘ಸಂಶೋಧನೆ ಮಾಡುತ್ತೇವೆ, ಒಪ್ಪಿಗೆ ಪತ್ರ ಕೊಡಿ’ ಅಂತಿದೆ. ಕೊಡಬೇಕಾ, ಬೇಡವಾ?

ಕೊಡಿ ತಾಯಿ. ಆದರೆ ಸುಮ್ನೆ ಕೊಡಬೇಡಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅಂಥದ್ದೇ ಒಂದು ತಂಡಕ್ಕೆ ನಾನೂ ಗೈಡ್ ಆಗಿದ್ದೆ. ಅರಸೀಕೆರೆ ಕಡೆಯ ಊರು. ನೀರು ಬಿಡುವ ಹೊತ್ತಿಗೆ ಮನೆಮನೆಗೆ ಮೆಸೇಜ್ ಹೋಗಬೇಕು, ಇದು ನಮ್ಮ ಪ್ರಾಜೆಕ್ಟ್. ಕಾಲೇಜಿನಲ್ಲಿ ಡೆಮೊ ಚೆನ್ನಾಗಿ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ತಲೆದೂಗಿದರು. ಊರಿನಲ್ಲಿ ಮೂರು ವಾರ ನಡೆಯಿತು, ಆಮೇಲೆ ನಿಂತುಹೋಯಿತು.

ಯಾಕೆ ನಿಂತಿತು ಅಂತ ನೋಡಲು ಒಬ್ಬನೇ ಬಸ್ಸು ಹತ್ತಿ ಹೋದೆ. ನೀರುಗಂಟಿ ವಾಲ್ವ್ ತಿರುಗಿಸುತ್ತಾ ಕೇಳಿದ: ‘ಸಾರ್, ಬೆಳಿಗ್ಗೆ ಐದು ಗಂಟೆಗೆ ಒದ್ದೆ ಕೈಯಲ್ಲಿ ಮೊಬೈಲ್ ಒತ್ತಲಾ, ವಾಲ್ವ್ ತಿರುಗಿಸಲಾ?’ ಅವನ ಅಂಗಿ ಜೇಬಿನಲ್ಲಿ ಮಡಚಿದ ನೋಟ್‌ಬುಕ್ ಇತ್ತು. ಯಾವ ಬೀದಿಗೆ ಎಷ್ಟು ಹೊತ್ತು ನೀರು, ತ್ರೀ ಫೇಸ್ ಬಂದದ್ದು ಎಷ್ಟು ಗಂಟೆಗೆ, ಮೋಟಾರ್ ಸುಟ್ಟದ್ದು ಯಾವತ್ತು, ಎಲ್ಲ ಅದರಲ್ಲಿ. ಆರು ತಿಂಗಳು ಆ ಊರಿಗೆ ಓಡಾಡಿದ್ದೆವು. ‘ಆ ಪುಸ್ತಕ ತೋರಿಸಪ್ಪಾ’ ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಪುಸ್ತಕ ಹಿಡಿದು ಪಂಚಾಯಿತಿ ಆಫೀಸಿಗೆ ಹೋದರೆ ಅಲ್ಲಿ ಇನ್ನೊಂದು ತಮಾಷೆ. ಬಿಲ್ ಕಲೆಕ್ಟರ್ ಬಳಿ ಇದ್ದ ನಲ್ಲಿ ಪಟ್ಟಿ ಬೇರೆ. ಡಾಟಾ ಎಂಟ್ರಿ ಆಪರೇಟರ್ ‘ಪಂಚತಂತ್ರ’ ತಂತ್ರಾಂಶಕ್ಕೆ ಹಾಕಿದ್ದ ಲೆಕ್ಕ ಬೇರೆ. ಯಾರೂ ಸುಳ್ಳು ಬರೆದಿರಲಿಲ್ಲ. ನೀರುಗಂಟಿ ಎಣಿಸಿದ್ದು ನೀರು ಬೀಳುವ ನಲ್ಲಿಯನ್ನು. ಬಿಲ್ ಕಲೆಕ್ಟರ್ ಎಣಿಸಿದ್ದು ಕಂದಾಯ ಕಟ್ಟುವ ಮನೆಯನ್ನು. ಅಣ್ಣತಮ್ಮಂದಿರು ಪಾಲಾದರೆ ಖಾತೆ ಎರಡಾಗುತ್ತದೆ, ಅಂಗಳದ ನಲ್ಲಿ ಒಂದೇ ಇರುತ್ತದೆ. ಬೆಂಗಳೂರಿಗೆ ಹೋದವರ ಮನೆಗೆ ಬೀಗ, ಆದರೆ ಪಟ್ಟಿಯಲ್ಲಿ ಸಂಪರ್ಕ ಇದ್ದೇ ಇದೆ. ಮೂರು ಪುಸ್ತಕವನ್ನು ಒಂದೇ ಮೇಜಿನ ಮೇಲೆ ಇಟ್ಟು ಮೂವರನ್ನೂ ಕೂರಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವತ್ತು ಮಧ್ಯಾಹ್ನ ಎರಡು ಸಲ ಟೀ ಕುಡಿದು ಆ ಕೆಲಸ ಮಾಡಿದೆವು. ನನ್ನ ಪ್ರಕಾರ ಆ ಪ್ರಾಜೆಕ್ಟಿನಲ್ಲಿ ಸಂಶೋಧನೆ ಅಂತ ನಡೆದದ್ದು ಅದೊಂದೇ ಮಧ್ಯಾಹ್ನ. ಅಷ್ಟು ಹೊತ್ತಿಗೆ ಹುಡುಗರು ಪಾಸಾಗಿ ಹೋಗಿದ್ದರು.

ಹಾಗಾಗಿ ಒಪ್ಪಿಗೆ ಕೊಡುವ ಮೊದಲು ಹುಡುಗರಿಗೆ ಹೇಳಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಲಿ, ಒಂದು ವಾರ ನೀರುಗಂಟಿಯ ಹಿಂದೆ ತಿರುಗಿ ಅಂತ. ತಿಂಡಿ ನಿಮ್ಮ ಮನೆಯಲ್ಲೇ ಹಾಕಿ, ಆಗ ಓಡಿಹೋಗುವುದಿಲ್ಲ. ಕೋರ್ಸ್ ಮುಗಿದ ಮೇಲೆ ಸರ್ವರ್ ದುಡ್ಡು ಯಾರು ಕಟ್ಟುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ನಿಮ್ಮ ಊರಿನ ಆ್ಯಪ್ ಸತ್ತದ್ದೂ ಬಹುಶಃ ಅದೇ ಕಾರಣಕ್ಕೆ. ಸೇರಿಸಿದ ಮಾಹಿತಿಯ ಒಂದು ಪ್ರತಿ ಎಕ್ಸೆಲ್ ಫೈಲಿನಲ್ಲಿ ಪಂಚಾಯಿತಿಗೆ ಉಳಿಯಬೇಕು. ಜನರ ಹೆಸರು, ಫೋನ್ ನಂಬರು, ಆಧಾರ್ ನಂಬರು ಕಾಲೇಜಿಗೆ ಹೋಗುವುದು ಬೇಡ. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆಯೇ ಬಂದಿದೆ. ಇದನ್ನೆಲ್ಲ ಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಒಪ್ಪಂದ ಪಿಡಿಒ ವರ್ಗವಾದ ದಿನವೇ ಮುಗಿದುಹೋಗುತ್ತದೆ.

ನಾನು ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ ಸಾರ್. ಸರ್ಕಾರಿ ಕಚೇರಿಗಳು ಒಂದಕ್ಕೊಂದು ಮಾಹಿತಿ ಹಂಚಿಕೊಳ್ಳುವುದರ ಮೇಲೆ ಸಂಶೋಧನೆ ಮಾಡುವ ಆಸೆ. ‘ಅದು ಸಾಫ್ಟ್‌ವೇರ್ ಕಂಪನಿ ಕೆಲಸ, ಅದರಲ್ಲಿ ಸಂಶೋಧನೆ ಏನಿದೆ?’ ಅಂತ ಗೆಳತಿಯರು ನಗುತ್ತಾರೆ.

ನಗಲಿ ಬಿಡಮ್ಮ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1993ರಿಂದ ಇದಕ್ಕೆಂದೇ ಒಂದು ಕೇಂದ್ರ ಇದೆ, ‘ಸೆಂಟರ್ ಫಾರ್ ಟೆಕ್ನಾಲಜಿ ಇನ್ ಗವರ್ನಮೆಂಟ್’ ಅಂತ. ಶುರುವಿನಲ್ಲಿ ಶಾರನ್ ಡಾಸ್ ಎಂಬ ಪ್ರಾಧ್ಯಾಪಕಿ ಅದನ್ನು ನಡೆಸಿದರು. ರಾಜ್ಯ ಸರ್ಕಾರದ ಇಲಾಖೆ, ನಗರಾಡಳಿತ, ಅಲ್ಲಿ ಕೌಂಟಿ ಅಂತಾರಲ್ಲ, ಆ ಜಿಲ್ಲಾಡಳಿತಗಳು, ಎಲ್ಲರ ಜೊತೆ ಕೂತು ಕೆಲಸ ಮಾಡುವುದೇ ಅವರ ಸಂಶೋಧನೆ.

ಅವರ ಒಂದು ಕೆಲಸ ನನಗೆ ತುಂಬಾ ಇಷ್ಟ. ಮನೆಯಿಲ್ಲದವರಿಗೆ ಅಲ್ಲಿ ತಂಗುದಾಣಗಳಿವೆ. ರಾಜ್ಯ ಇಲಾಖೆ, ನಗರ, ಕೌಂಟಿ, ಸೇವಾ ಸಂಸ್ಥೆಗಳು ಹೀಗೆ ಹಲವರು ಸೇರಿ ಅದನ್ನು ನಡೆಸುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ತುಂಡು ಮಾಹಿತಿ. ಯಾವ ನೆರವಿನಿಂದ ಯಾರು ಮತ್ತೆ ಮನೆ ಕಂಡರು ಅಂತ ಒಟ್ಟಿಗೆ ನೋಡುವ ದಾರಿಯೇ ಇರಲಿಲ್ಲ. ಅವರನ್ನೆಲ್ಲ ಒಂದೇ ಮೇಜಿಗೆ ಕರೆದು ಒಟ್ಟು ಮಾಹಿತಿಯ ಒಂದು ಮಾದರಿ ಕಟ್ಟಿದರು. 2000ದಲ್ಲಿ ಬಂದ ಆ ವರದಿಯ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ವ್ಯವಸ್ಥೆ ಕಟ್ಟುವ ಮೊದಲು ನಂಬಿಕೆ ಕಟ್ಟುವುದು’. ಅದನ್ನು ಓದಿದಾಗ ನನಗೆ ಅರಸೀಕೆರೆಯ ಟೀ ನೆನಪಾಯಿತು. ಅವರು ಮೊದಲೇ ಕುಡಿದಿದ್ದರು, ನಾನು ಕೊನೆಯಲ್ಲಿ ಕುಡಿದೆ.

ನಮ್ಮಲ್ಲೂ ಇಂಥ ಹಾದಿ ತುಳಿದವರಿದ್ದಾರೆ. ಅಸ್ತ್ರ ಒಲೆ ನಿಮ್ಮ ಅಜ್ಜಿಗೆ ಗೊತ್ತಿರುತ್ತದೆ, ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕೆ ಅಂತ ‘ಅಸ್ತ್ರ’ ಶುರುವಾಯಿತು, ಸೌದೆ ಉಳಿಸುವ ಆ ಒಲೆ ಅವರದೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಹಳ್ಳಿಯಲ್ಲೇ ಕೆಲಸ ಮಾಡಿದರು. ಅದು ಒಲೆ, ನಿಮ್ಮದು ಕಡತ, ಅಷ್ಟೇ ವ್ಯತ್ಯಾಸ.

ವಿಷಯ ಬೇಕಾದರೆ ಹಾಸನದ ತಾಲ್ಲೂಕು ಕಚೇರಿಯಲ್ಲೇ ಸಿಗುತ್ತದೆ. ‘ಭೂಮಿ’ ಯೋಜನೆಯಲ್ಲಿ 2001ರ ಸುಮಾರಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿ ಹೋಯಿತು. ಆದರೆ ಜಮೀನು ಮಾರಿದರೆ ನೋಂದಣಿ ಆಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅದು ಬೇರೆ ಇಲಾಖೆ, ‘ಕಾವೇರಿ’ ಅಂತ ಬೇರೆ ತಂತ್ರಾಂಶ. ಜಮೀನು ಕೈಬದಲಾಯಿತು, ಪಹಣಿಯಲ್ಲಿ ಹೆಸರು ಬದಲಿಸಿ ಅಂತ ಎರಡರ ನಡುವೆ ಓಡಾಡುವ ಚೀಟಿಯೇ ಜೆ ಸ್ಲಿಪ್. ಮೊದಲು ಅದು ಕಾಗದವಾಗಿ ಹೋಗುತ್ತಿತ್ತು, ಈಗ ಕಂಪ್ಯೂಟರಿನಲ್ಲೇ ಹೋಗುತ್ತದೆ. ಆ ಒಂದು ಸ್ಲಿಪ್ಪಿನ ಬೆನ್ನು ಹತ್ತಿ, ಅದು ಎಲ್ಲೆಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಬರೆಯಿರಿ. ಅಷ್ಟಕ್ಕೇ ಎರಡು ವರ್ಷ ಸಾಲುವುದಿಲ್ಲ.

ಮೇಷ್ಟ್ರೇ, ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರ ನಾನು. ನಮ್ಮ ತಂದೆಯ ಕಾಲದಿಂದ ತೋಟದಲ್ಲಿ ಮಳೆ ಲೆಕ್ಕ ಬರೆಯುತ್ತಿದ್ದೇವೆ. ಮೊನ್ನೆ ಒಂದೇ ದಿನ 3 ಇಂಚು 40 ಸೆಂಟ್ ಬಿತ್ತು. ಪಂಚಾಯಿತಿಯ ಮಳೆಮಾಪಕ 52 ಮಿ.ಮೀ. ಅಂತ ತೋರಿಸಿತು. ಮೆಣಸಿನ ವಿಮೆಗೆ ಅವರ ಲೆಕ್ಕವೇ ಲೆಕ್ಕವಂತೆ. ನಮ್ಮ ಪುಸ್ತಕಕ್ಕೆ ಬೆಲೆಯೇ ಇಲ್ಲವಾ?

ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್, ಅಂದರೆ ನಿಮ್ಮ ಲೆಕ್ಕ 3.40 ಇಂಚು. ಮಿಲಿಮೀಟರಿಗೆ ತಂದರೆ ಸುಮಾರು 86. ಒಂದು ಇಂಚಿಗೆ 25.4 ಅಂತ ಗುಣಿಸಿದರೆ ಆಯಿತು. ವ್ಯತ್ಯಾಸ ದೊಡ್ಡದೇ.

ಆದರೆ ಸ್ವಾಮಿ, ಮಲೆನಾಡಿನಲ್ಲಿ ಒಂದು ಗುಡ್ಡದ ಈಚೆ ಬಿದ್ದ ಮಳೆ ಆಚೆ ಬೀಳಬೇಕು ಅಂತೇನಿಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಎರಡೂ ಸರಿಯಿರಬಹುದು. ಅಥವಾ ಮಾಪಕದ ಬಾಯಿಗೆ ಎಲೆ ಕೂತಿರಬಹುದು. ಇನ್ನೊಂದು ವಿಷಯ: ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ನೀವು ಆರಕ್ಕೆ ಎದ್ದು ಅಳೆದರೆ ಬೆಳಗಿನ ಜಡಿ ಅವರ ಪುಸ್ತಕದಲ್ಲಿ ಇವತ್ತಿಗೆ, ನಿಮ್ಮದರಲ್ಲಿ ನಾಳೆಗೆ ಸೇರುತ್ತದೆ. ಮೊದಲು ಅದನ್ನು ಸರಿಮಾಡಿಕೊಳ್ಳಿ.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳಿಸುವ ಮಾಪಕ ಇಟ್ಟಿದೆ. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆ ಆ ಲೆಕ್ಕದ ಮೇಲೆ ನಿಂತಿದೆ. ತೋಟಕ್ಕೆ ಬಂದು ಕೊಳೆ ರೋಗ ನೋಡುವವರು ಯಾರೂ ಇಲ್ಲ. ಅದರ ಲಾಭ, ನಷ್ಟ ಎರಡೂ ನಿಮ್ಮದೇ.

ಪುಸ್ತಕಕ್ಕೆ ವಿಮೆಯವರು ಬೆಲೆ ಕೊಡದಿದ್ದರೂ ಸಂಶೋಧಕರು ಕೊಡುತ್ತಾರೆ, ಕೊಡಬೇಕು. ಒಂದೇ ಜಾಗದಲ್ಲಿ ಅಷ್ಟು ವರ್ಷ ಬಿಡದೆ ಬರೆದ ಲೆಕ್ಕ ಯಾವ ಯಂತ್ರದಲ್ಲಿದೆ ಹೇಳಿ? ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ನಿಮ್ಮ ಪುಟಗಳ ಫೋಟೊ ತೆಗೆದು, ಪಂಚಾಯಿತಿ ಮಾಪಕದ ಲೆಕ್ಕದ ಪಕ್ಕ ಇಟ್ಟು, ಒಂದು ಮಳೆಗಾಲ ಹೋಲಿಸಿ. ನಾಲ್ಕೂ ತೋಟದಲ್ಲಿ ಜಾಸ್ತಿ, ಮಾಪಕದಲ್ಲಿ ಮಾತ್ರ ಕಡಿಮೆ ಅಂತಾದರೆ ಆಗ ಅರ್ಜಿ ಬರೆಯಲು ಕೈಯಲ್ಲಿ ಏನಾದರೂ ಇರುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿಗೂ ಒಮ್ಮೆ ಪುಸ್ತಕ ತೆಗೆದುಕೊಂಡು ಹೋಗಿ ಬನ್ನಿ. ಮೂಲ ಪುಸ್ತಕ ಮಾತ್ರ ಯಾರಿಗೂ ಕೊಟ್ಟು ಬರಬೇಡಿ.

ಆಲೂರು ಕಡೆ ಆನೆ ಬಂದರೆ ಮೊಬೈಲಿಗೆ ಮೆಸೇಜ್ ಬರುತ್ತದಲ್ಲ, ಅದು ಯಾರ ಕೆಲಸ?

ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಸೇರಿ ಮಾಡಿದ್ದು. ಮೊದಲು ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಮೆಸೇಜು, ಕೆಂಪು ದೀಪ ಮಾಡಿ ನೋಡಿದ್ದರು. ಆನೆಯ ಹಿಂದೆ ನಡೆದು ‘ಇಲ್ಲಿದೆ’ ಅಂತ ಹೇಳುವವನು ಮನುಷ್ಯನೇ, ಮೊಬೈಲ್ ಅಲ್ಲ. ಅವನ ಕೂಲಿ ನಿಂತರೆ ಮೆಸೇಜೂ ನಿಲ್ಲುತ್ತದೆ.

ಗ್ರಾಮ ಸಭೆಯಲ್ಲಿ ಲೆಕ್ಕ ಕೇಳಿದರೆ ‘ಎಲ್ಲ ಆನ್‌ಲೈನ್‌ನಲ್ಲಿದೆ, ನೋಡ್ಕೊಳ್ಳಿ’ ಅಂತಾರೆ. ನಮ್ಮ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ದೇವಸ್ಥಾನದ ಕಟ್ಟೆ ಮೇಲೆ ಮಾತ್ರ. ಏನು ಮಾಡಲಿ ಮೇಷ್ಟ್ರೇ?

ಅವರು ಹೇಳುವುದು ಸುಳ್ಳಲ್ಲ. ‘ಇ-ಗ್ರಾಮಸ್ವರಾಜ್’ ಜಾಲತಾಣ 2020ರ ಏಪ್ರಿಲ್‌ನಲ್ಲಿ ಬಂತು, ಯೋಜನೆ ಮತ್ತು ಖರ್ಚು ಅದರಲ್ಲಿ ಕಾಣುತ್ತದೆ. ಹಾಗಂತ ಅಲ್ಲಿಗೆ ಅವರ ಕೆಲಸ ಮುಗಿಯಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಯಾರೂ ಅರ್ಜಿ ಹಾಕದಿದ್ದರೂ ಕಚೇರಿಯೇ ಮಾಹಿತಿ ಹೊರಗೆ ಹಾಕಬೇಕು, ಸ್ಥಳೀಯ ಭಾಷೆಯನ್ನೂ ಗಮನದಲ್ಲಿಡಬೇಕು. ಹೊರಗೆ ಹಾಕುವ ದಾರಿಗಳಲ್ಲಿ ನೋಟಿಸ್ ಬೋರ್ಡಿನ ಹೆಸರೂ ಕಾಯ್ದೆಯಲ್ಲೇ ಇದೆ. ನಿಮ್ಮ ವಾರ್ಡಿನ ಕಾಮಗಾರಿಗಳ ಪುಟ ಮಾತ್ರ ಪ್ರಿಂಟ್ ಕೊಡಿ ಅಂತ ಕೇಳಿ, ಎಲ್ಲ ಕೇಳಿದರೆ ಏನೂ ಸಿಗುವುದಿಲ್ಲ. ಸಿಕ್ಕಿದ್ದನ್ನು ಪಂಚಾಯಿತಿ ಬೋರ್ಡಿಗೆ ಒಂದು, ಆ ದೇವಸ್ಥಾನದ ಕಟ್ಟೆಗೆ ಒಂದು ಅಂಟಿಸಿ. ಗೋಂದು ಮನೆಯಿಂದಲೇ ತೆಗೆದುಕೊಂಡು ಹೋಗಿ, ಆಫೀಸಿನದು ಒಣಗಿರುತ್ತದೆ.