ಸ್ವೀಡನ್ನಿನ ಜನ ತಮ್ಮ ಸಾಂಪ್ರದಾಯಿಕ ಅಡುಗೆಯನ್ನು ಇಂದಿಗೂ ದಿನನಿತ್ಯ ಉಣ್ಣುತ್ತಾರೆಯೇ?

ಉಣ್ಣುತ್ತಾರೆ, ಆದರೆ ಮನೆಯಲ್ಲಿ ಅದು ಈಗ ಪಾಸ್ತಾ, ಪಿಜ್ಜಾಗಳ ನಡುವೆ ಜಾಗ ಹಂಚಿಕೊಂಡಿದೆ. ‘ಹುಸ್ಮನ್ಸ್‌ಕೋಸ್ಟ್’ ಎಂದು ಕರೆಯಲಾಗುವ ಹಳೆಯ ಮನೆಯಡುಗೆ, ಅಂದರೆ ಆಲೂಗಡ್ಡೆ, ಮಾಂಸದುಂಡೆ, ಹೆರಿಂಗ್ ಮೀನು ಹಾಗೂ ಲಿಂಗನ್‌ಬೆರಿ ಹಣ್ಣಿನ ಜಾಮ್‌ಗಳ ಸುತ್ತ ಬೆಳೆದ ಅಡುಗೆ, ಮಧ್ಯಾಹ್ನದ ಊಟ ಬಡಿಸುವ ಹೋಟೆಲುಗಳಲ್ಲಿ ಮತ್ತು ಶಾಲೆಗಳ ಉಚಿತ ಊಟದಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದೆ.

ಇದಕ್ಕೆ ಒಳ್ಳೆಯ ಉದಾಹರಣೆ ಗುರುವಾರದ ಬಟಾಣಿ ಸಾರು. ಒಣ ಹಳದಿ ಬಟಾಣಿಯನ್ನು ಉಪ್ಪು ಹಾಕಿಟ್ಟ ಹಂದಿಮಾಂಸದೊಂದಿಗೆ ಕರಗುವಷ್ಟು ಬೇಯಿಸುತ್ತಾರೆ. ಉಣ್ಣುವವರು ತಟ್ಟೆಯಂಚಿನಲ್ಲಿಟ್ಟ ಸಾಸಿವೆಯನ್ನು ಬೇಕಾದಷ್ಟು ಕಲಸಿಕೊಳ್ಳುತ್ತಾರೆ, ಅದಾದ ಮೇಲೆ ಜಾಮ್ ಸವರಿದ ತೆಳುದೋಸೆಯಂಥ ಪ್ಯಾನ್‌ಕೇಕ್ ಬರುತ್ತದೆ. ಕ್ಯಾಥೊಲಿಕ್ ಕಾಲದ ಶುಕ್ರವಾರದ ಉಪವಾಸಕ್ಕೆ ಮುನ್ನಾದಿನದ ಭರ್ಜರಿ ಊಟವಾಗಿ ಇದು ಹುಟ್ಟಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಉಪವಾಸ ಮರೆತುಹೋದರೂ ವಾರ ಬದಲಾಗಿಲ್ಲ, ಸೈನ್ಯದ ಅಡುಗೆಮನೆಯಲ್ಲೂ ಅದೇ ರೂಢಿ. ಮರುದಿನ ಸಂಜೆ ಅದೇ ಕುಟುಂಬಗಳಲ್ಲಿ ಎಷ್ಟೋ ಮಂದಿ ಟಾಕೋ, ಅಂದರೆ ಹೂರಣ ತುಂಬಿದ ಮೆಕ್ಸಿಕೋ ಮೂಲದ ರೊಟ್ಟಿ, ತಿನ್ನುತ್ತಾರೆ. 1990ರ ದಶಕದಿಂದ ಬೇರೂರಿದ ಈ ಪದ್ಧತಿಯೂ ಈಗ ಸ್ವೀಡಿಷ್ ಸಂಪ್ರದಾಯವೇ ಎಂಬುದು ನನ್ನ ಅಭಿಪ್ರಾಯ.

ಯಾರೂ ‘ಸಂಪ್ರದಾಯ’ವೆಂದು ಗಮನಿಸದೆ ತಿನ್ನುವ ವಸ್ತುಗಳೂ ಇವೆ: ಬೆಣ್ಣೆ ಹಚ್ಚಿದ ರೈ ಧಾನ್ಯದ ಗರಿಗರಿ ರೊಟ್ಟಿ, ಬೆಳಗಿನ ಹುಳಿಹಾಲು, ಟ್ಯೂಬಿನಿಂದ ಹಿಂಡುವ ಮೀನುಮೊಟ್ಟೆಯ ಪೇಸ್ಟ್. ಏಲಕ್ಕಿಯ ಬನ್ನಿಗೆ ಬಾದಾಮಿ, ಕೆನೆ ತುಂಬಿದ ‘ಸೆಮ್ಲಾ’ ಮಾತ್ರ ಈಸ್ಟರ್ ಪೂರ್ವದ ಉಪವಾಸಕ್ಕೆ ಮುಂಚಿನ ಮಂಗಳವಾರದ ತಿಂಡಿಯಾಗಿದ್ದದ್ದು, ಈಗ ಕ್ರಿಸ್ಮಸ್ ಮುಗಿಯುತ್ತಲೇ ಬೇಕರಿಗಳಿಗೆ ಬಂದುಬಿಡುತ್ತದೆ.