ಅಮೆರಿಕದಲ್ಲಿರುವ ನಮ್ಮವರಿಗೆ ದಪ್ಪ ಇಲ್ಲದಿದ್ದರೂ ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ?

ಮುಖ್ಯ ಕಾರಣ ಇದು: ತೂಕ ಕಡಿಮೆ ಇದ್ದರೂ ನಮ್ಮ ಮೈಯಲ್ಲಿ ಕೊಬ್ಬು ಸೇರುವ ಜಾಗ ಬೇರೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಲ್ಲಿ ಅದು ಹೊಟ್ಟೆಯೊಳಗೆ, ಲಿವರ್‌ನಲ್ಲಿ ಜಾಸ್ತಿ ಕೂರುತ್ತದೆ, ಸ್ನಾಯು ಕಡಿಮೆ ಇರುತ್ತದೆ. ಊಟ ಆದಮೇಲೆ ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳೋದು ಸ್ನಾಯುಗಳೇ ಅಲ್ವಾ, ಅವೇ ಕಡಿಮೆ ಇದ್ದು ಲಿವರ್ ಕೂಡ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ತೊಂದರೆ ಆಗೋದು ಅಳತೆಯಲ್ಲಿ. 170 ಸೆಂ.ಮೀ. ಎತ್ತರ, 68 ಕೆಜಿ ಇರುವವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸುಮಾರು 23.5. ಸಾಮಾನ್ಯ ಲೆಕ್ಕದಲ್ಲಿ 25 ದಾಟಿದರಷ್ಟೇ ತೂಕ ಜಾಸ್ತಿ, ಹಾಗಾಗಿ ಇವರು ನಾರ್ಮಲ್. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಏಷ್ಯಾ ಮೂಲದವರ ತಪಾಸಣೆಗೆ ಈ ಗಡಿಯನ್ನು 23ಕ್ಕೆ ಇಳಿಸಿದೆ. ಡಾಕ್ಟರ್ ತಾವಾಗಿ ಹೇಳದಿದ್ದರೆ ನೀವೇ ಎಚ್‌ಬಿಎ1ಸಿ ಪರೀಕ್ಷೆ ಕೇಳಿ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅದರಲ್ಲಿ ಸಿಗುತ್ತದೆ.

ಊಟದ ಸಲಹೆ ಕೇಳುವಾಗಲೂ ಅಷ್ಟೇ, ಮನೆಯಲ್ಲಿ ದಿನಾ ತಿನ್ನೋದನ್ನೇ ಹೇಳಿ. ಬ್ರೆಡ್, ಪಾಸ್ತಾ ಬಿಡಿ ಎಂದರೆ ಎರಡು ಹೊತ್ತು ಅನ್ನ ಸಾರು, ಬೆಳಿಗ್ಗೆ ಅವಲಕ್ಕಿ ತಿನ್ನುವ ನಮ್ಮ ಅಮ್ಮಂದಿರಿಗೆ ಏನು ಉಪಯೋಗ? ಅನ್ನದ ಪ್ರಮಾಣ ಇಳಿಸಿ ಕಾಳು, ಪಲ್ಯ ಜಾಸ್ತಿ ಮಾಡಿ ಎಂದರೆ ಅವರು ಖಂಡಿತ ಮಾಡುತ್ತಾರೆ. ಅವರಿಗೆ ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಬೇಕು ಅನ್ನಿ. ಮಕ್ಕಳ ಎದುರು ಹೇಳಲಾಗದ ಮಾತೂ ಆಗ ಡಾಕ್ಟರಿಗೆ ತಲುಪುತ್ತದೆ.