ವಿಡಿಯೊ ಕರೆಯ ನಗುಮುಖ: ಗಂಗಾವತಿಯ ತಂಗಿಗೆ ಒಂದು ಉತ್ತರ

ಗಂಗಾವತಿಯಿಂದ ಮ್ಯಾಂಚೆಸ್ಟರಿಗೆ ನರ್ಸ್ ಆಗಿ ಬಂದು ಇನ್ನೂ ಮೊದಲ ಚಳಿಗಾಲವನ್ನೇ ದಾಟದ ತಂಗಿಗೆ, ಸಿಂಧನೂರಿನಿಂದ ಬಂದು ಇಲ್ಲಿಯೇ ನೆಲೆಸಿರುವ ಅಕ್ಕನ ನಮಸ್ಕಾರಗಳು.

ಭಾನುವಾರ ಮನೆಗೆ ವಿಡಿಯೊ ಕರೆ ಮಾಡುವ ಮುನ್ನ ಮುಖ ತೊಳೆದು, ಕುಂಕುಮವಿಟ್ಟು, ಕಣ್ಣು ಕೆಂಪಾದದ್ದು ಕಾಣದಂತೆ ದೀಪಕ್ಕೆ ಬೆನ್ನು ಮಾಡಿ ಕೂರುತ್ತೇನೆ ಎಂದು ಬರೆದಿದ್ದೀರಿ. ಸಾಲ ಮಾಡಿ ಕಳುಹಿಸಿದ ಅಪ್ಪ ಅವ್ವಂದಿರ ಮುಂದೆ ದುಃಖ ತೋರಿಸುವುದು ಸರಿಯೇ, ಸಾಲ ತೀರುವವರೆಗೂ ಹೀಗೆಯೇ ನಗುತ್ತಿರಬೇಕೇ ಎಂದು ಕೇಳಿದ್ದೀರಿ. ಹೇಳಿಕೊಂಡರೆ ಅವ್ವ ‘ಬಂದುಬಿಡು’ ಎಂದುಬಿಟ್ಟಾಳೆಂಬ ಅಂಜಿಕೆಯನ್ನೂ ತೋಡಿಕೊಂಡಿದ್ದೀರಿ.

ವಾರ್ಡಿನಲ್ಲಿ ನಗುವುದೇ ಬೇರೆ, ಮನೆಯವರ ಮುಂದೆ ನಗುವುದೇ ಬೇರೆ. ನೋವಿನಲ್ಲಿರುವ ರೋಗಿಯ ಹಾಸಿಗೆಯ ಬಳಿ ನಿಮ್ಮ ದುಃಖಕ್ಕೆ ಜಾಗವಿಲ್ಲ. ಅಲ್ಲಿ ಪ್ರಸನ್ನವಾಗಿರುವುದು ನಿಮ್ಮ ಕೆಲಸದ ಭಾಗ, ಅದನ್ನು ಬೂಟಾಟಿಕೆ ಎಂದು ತಿಳಿದು ಕೊರಗಬೇಕಾಗಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಲೇ ಕ್ಷೇಮ ವಿಚಾರಿಸುವ ಸಹೋದ್ಯೋಗಿಗೂ ಮನಸ್ಸು ಬಿಚ್ಚಿ ಉತ್ತರಿಸಬೇಕೆಂದಿಲ್ಲ. ಆದರೆ ಇದಕ್ಕೆ ದೇಹ ಬೆಲೆ ತೆರುತ್ತದೆ ಎಂಬುದು ನೆನಪಿರಲಿ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಯುವತಿಯರಿಗೆ ದುಃಖದ ಚಿತ್ರದ ತುಣುಕು ತೋರಿಸಿ, ಅವರಲ್ಲಿ ಕೆಲವರಿಗೆ ಮಾತ್ರ ಮುಖದಲ್ಲಿ ಏನೂ ಕಾಣಿಸದಂತೆ ಇರಲು ಹೇಳಿದ್ದರು. ಬಚ್ಚಿಟ್ಟವರ ದುಃಖ ಒಳಗೆ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ, ಹೃದಯ ಮತ್ತು ರಕ್ತನಾಳಗಳ ಮೇಲಿನ ಒತ್ತಡ ಮಾತ್ರ ಹೆಚ್ಚಿತ್ತು. ದಿನಕ್ಕೆ ಹನ್ನೆರಡು ತಾಸಿನ ಪಾಳಿಯಲ್ಲಿ ಹಾಗಿದ್ದು ಬಂದವರು ಮನೆಯಲ್ಲಿಯೂ ಅದನ್ನೇ ಮುಂದುವರಿಸಿದರೆ ದಣಿವಾರಿಸಿಕೊಳ್ಳುವುದು ಯಾವಾಗ?

ಮನೆಯವರ ಮುಂದೆ ಬಚ್ಚಿಡುವುದರಲ್ಲಿ ಇನ್ನೂ ಒಂದು ತೊಡಕಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ: ನೀವು ನಗುಮುಖ ಹೊತ್ತರೆ ಆ ಕಡೆಯವರೂ ಹೊತ್ತುಕೊಳ್ಳುತ್ತಾರೆ. ನಮ್ಮ ಅಪ್ಪನಿಗೆ ಎದೆನೋವು ಬಂದು, ಬಳ್ಳಾರಿಯ ಒಂದು ಆಸ್ಪತ್ರೆಗೆ ಸೇರಿಸಿ, ಸ್ಟೆಂಟ್ ಹಾಕಿಸಿ, ಮನೆಗೆ ಕರೆತಂದ ಮೇಲೂ ನನ್ನೊಂದಿಗೆ ಯಾರೂ ಬಾಯಿ ಬಿಡಲಿಲ್ಲ. ಪ್ರತಿ ವಾರವೂ ‘ಎಲ್ಲಾ ಆರಾಮ ಐತಿ’ ಎಂಬ ಒಂದೇ ಮಾತು. ರಜೆಯಲ್ಲಿ ಊರಿಗೆ ಹೋದಾಗ ದೇವರ ಮಾಡದಲ್ಲಿ ವಿಭೂತಿಗಟ್ಟಿಯ ಪಕ್ಕ ಗುಳಿಗೆಗಳನ್ನು ಕಂಡು ವಿಚಾರಿಸಿದರೆ ತಮ್ಮ, ‘ನೀ ಅಲ್ಲಿ ಖುಷಿಯಿಂದ ಇದ್ದಿ, ಯಾಕ ಕೆಡಸಬೇಕು ಅಂತ ಹೇಳಲಿಲ್ಲ’ ಎಂದ. ಸಿಟ್ಟು ಬಂತಾದರೂ ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅದಾದ ಮೇಲೆ ಇಲ್ಲಿ ಚಳಿ ಹತ್ತಿ ಮಲಗಿದ್ದರೆ ಮಲಗಿದ್ದೇನೆ ಎಂದೇ ಹೇಳುತ್ತೇನೆ. ಆ ಕಡೆಯಿಂದಲೂ ಸಕ್ಕರೆ ಏರಿದ್ದು, ಮಳೆ ಕೈಕೊಟ್ಟದ್ದು, ಭತ್ತಕ್ಕೆ ಧಾರಣೆ ಬಿದ್ದದ್ದು ಅದದೇ ವಾರ ತಿಳಿಯುತ್ತದೆ.

ಹೇಳುವುದೆಂದರೆ ಎಲ್ಲವನ್ನೂ ಒಮ್ಮೆಗೇ ಸುರಿಯುವುದಲ್ಲ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ, ರಾತ್ರಿ ಪಾಳಿ ಮುಗಿಸಿ ಮಲಗಿದವರಿಗೆ ಬಿಸಿಲೇ ಕಾಣುವುದಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ತೇರು, ಮಹಾದಾಸೋಹದಲ್ಲಿ ಒಟ್ಟಿದ ರೊಟ್ಟಿಯ ರಾಶಿ ಎಲ್ಲರ ಫೋನಿನಲ್ಲಿ ಬರುವ ಹೊತ್ತಿಗೆ ಜೀವ ಇನ್ನಷ್ಟು ಹಿಂಡುತ್ತದೆ. ಇದನ್ನು ಇದ್ದ ಹಾಗೆ ಹೇಳಿದರೆ ಅವ್ವನಿಗೆ ಅರ್ಥವಾಗುತ್ತದೆ. ಕಾರಣ ಗೊತ್ತಿರುವ ದುಃಖಕ್ಕಿಂತ ಪರದೆಯಲ್ಲಿ ಸಪ್ಪಗೆ ಕಂಡ ಮಾರಿಗೆ ತಾನೇ ಕಲ್ಪಿಸಿಕೊಂಡ ಕಾರಣಗಳು ಅವಳನ್ನು ಹೆಚ್ಚು ಕಾಡುತ್ತವೆ, ಮತ್ತು ದೀಪಕ್ಕೆ ಬೆನ್ನು ಮಾಡಿದ ಮಾತ್ರಕ್ಕೆ ಮಗಳ ಮಾರಿ ಅವಳಿಗೆ ತಿಳಿಯದೆ ಇರುವುದಿಲ್ಲ.

ಅವ್ವನ ಕೈಲಾಗದ್ದೂ ಇದೆ. ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ನಿಮ್ಮ ಹೆಸರು ನೋಂದಾಯಿಸಿರುವ ಜಿಪಿಯನ್ನು, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರನ್ನು, ಕಾಣಿರಿ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್ ಎಂಬ ಆಪ್ತಸಮಾಲೋಚನೆಯ ಸೇವೆಗೆ ವೈದ್ಯರ ಚೀಟಿ ಇಲ್ಲದೆಯೂ ನೀವೇ ಅರ್ಜಿ ಹಾಕಬಹುದು. ನಡುರಾತ್ರಿ ಸಂಕಟವಾದರೆ 116 123ಕ್ಕೆ ಕರೆ ಮಾಡಿರಿ. ಸಂಕಟದಲ್ಲಿರುವವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆಯ ಈ ಸಹಾಯವಾಣಿ ಹಗಲಿರುಳೂ ತೆರೆದಿರುತ್ತದೆ, ಖರ್ಚಿಲ್ಲ, ಹೆಸರನ್ನೂ ಹೇಳಬೇಕಾಗಿಲ್ಲ. ವೀಸಾ ಉದ್ಯೋಗದಾತರ ಕೈಯಲ್ಲಿರುವುದರಿಂದ ನಮ್ಮವರು ವೈದ್ಯರ ಬಳಿ ಹೋಗಲೂ ಹೆದರುತ್ತಾರೆ. ಮನಸ್ಸಿಗೆ ಬೇಸರವೆಂದು ವೈದ್ಯರನ್ನು ಕಂಡ ಕಾರಣಕ್ಕೆ ವೀಸಾ ಹೋಗುವುದಿಲ್ಲ, ಅವರಲ್ಲಿ ಆಡಿದ ಮಾತು ಸಾಮಾನ್ಯವಾಗಿ ಗೋಪ್ಯವಾಗಿಯೇ ಇರುತ್ತದೆ.

ಇನ್ನು ‘ಬಂದುಬಿಡು’ ಎಂಬ ಮಾತು. ಅವ್ವ ಅದನ್ನು ಖಂಡಿತ ಹೇಳುತ್ತಾಳೆ, ಅಪ್ಪ ಪಕ್ಕದಲ್ಲಿ ಕೂತು ಸುಮ್ಮನಿರುತ್ತಾರೆ. ಅದು ಅಪ್ಪಣೆಯಲ್ಲ, ಕರುಳಿನ ಮಾತು. ಅದಕ್ಕೆ ಅಂಜಿ ವಿಷಯ ಮುಚ್ಚಿಡಬೇಡಿರಿ. ‘ಬರೂದಿಲ್ಲವ್ವ, ನಿನ್ನ ಮುಂದ ಹೇಳಬೇಕನಿಸಿತು, ಹೇಳಿದೆ’ ಎಂದು ಹೇಳಿ, ಬಳಿಕ ಅಪ್ಪನ ಮೊಣಕಾಲು ಹೇಗಿದೆ ಎಂದು ಕೇಳಿರಿ. ಈ ಸಲ ಉತ್ತರ ಸ್ವಲ್ಪ ಉದ್ದವಾಗಿ ಬಂದೀತು.